ತಾರಸಿಯಲ್ಲಿ ನಿಲ್ಲಿಸಿದ ನೀರು ಇಳಿದರೆ ಸೋರಿಕೆಯೇ?

ಪ್ರಶ್ನೆ: ದಾವಣಗೆರೆಯ ನಮ್ಮ 20×30 ಅಡಿ ಆರ್‌ಸಿಸಿ ತಾರಸಿಗೆ ಏಪ್ರಿಲ್‌ನಲ್ಲಿ ವಾಟರ್‌ಪ್ರೂಫಿಂಗ್ ಮಾಡಿಸಿ ನೀರು ನಿಲ್ಲಿಸಿದ್ದೇವೆ. ಒಂದೇ ದಿನಕ್ಕೆ 1 ಸೆಂ.ಮೀ. ಇಳಿದಿದೆ, ಕೆಳಗೆ ಒದ್ದೆ ಕಾಣುತ್ತಿಲ್ಲ. ‘ಬಿಸಿಲಿಗೆ ಆರಿದ್ದು, ಟೈಲ್ಸ್ ಹಾಕಿಬಿಡೋಣ’ ಅಂತಾರೆ ಮೇಸ್ತ್ರಿ. ಹಾಕಿಸಬಹುದೇ?

ಉತ್ತರ: ಈಗಲೇ ಬೇಡ. ನಿಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ದಿನಕ್ಕೆ ಸುಮಾರು 6–8 ಮಿ.ಮೀ. ಆವಿಯಾಗುವುದು ಸಹಜ. ಆದರೆ ಮಿಕ್ಕಿದ್ದು ಎಲ್ಲಿಗೆ ಹೋಯಿತು? ನೇರ ಗೋಡೆಯ ಬಕೆಟ್‌ಗೆ ನೀರು ತುಂಬಿ ತಾರಸಿಯ ನೀರಿನಲ್ಲೇ ಇಡಿ, ಎರಡಕ್ಕೂ ಗುರುತು ಹಾಕಿ. ಎರಡೂ ಸಮನಾಗಿ ಇಳಿದರೆ ಬಿಸಿಲಿನ ಕೆಲಸ. ತಾರಸಿಯದೇ ಹೆಚ್ಚು ಇಳಿದರೆ ಮೊದಲು ಮಳೆನೀರಿನ ಪೈಪಿನ ಕೆಳಬಾಯಿ ನೋಡಿ. ಬರೀ ಗೋಣಿಚೀಲ ತುರುಕಿದ್ದರೆ ಅಲ್ಲಿಂದಲೇ ತೊಟ್ಟಿಕ್ಕುತ್ತಿರುತ್ತದೆ. ರಬ್ಬರ್ ಪ್ಲಗ್ಗೇ ಬೇಕು.

ಇಳಿಜಾರನ್ನೂ ಲೆಕ್ಕ ಹಾಕಿ. 100ಕ್ಕೆ 1 ಇಳಿಜಾರಿದ್ದರೆ 30 ಅಡಿಗೆ 9 ಸೆಂ.ಮೀ. ತಗ್ಗು. ಎತ್ತರದ ತುದಿಯಲ್ಲಿ 25 ಮಿ.ಮೀ. ನಿಲ್ಲಿಸಲು ಹೊರಟರೆ ಪೈಪಿನ ಬಳಿ 11 ಸೆಂ.ಮೀ. ದಾಟುತ್ತದೆ, ಅಂದರೆ ಅಲ್ಲಿ ಚದರ ಮೀಟರಿಗೆ 110 ಕೆ.ಜಿ.ಗೂ ಹೆಚ್ಚು ಭಾರ. ಹಾಗಾಗಿ ನಡುವೆ ಜೇಡಿಮಣ್ಣಿನ ಒಡ್ಡು ಹಾಕಿ ಎರಡು ಸಲಕ್ಕೆ ಪರೀಕ್ಷಿಸಿ. ಪ್ಯಾರಪಿಟ್ ಬುಡದ ವಾಟ (ಗೋಡೆ-ತಾರಸಿ ಕೂಡುವ ಮೂಲೆಯ ಗಾರೆಯ ಓರೆ) ಮುಳುಗಲಿ, ಆದರೆ ಗೋಡೆಗೆ ಎಬ್ಬಿಸಿದ ಲೇಪದ ಮೇಲಂಚು ಮಾತ್ರ ಮುಳುಗಬಾರದು. ಮುಳುಗಿದರೆ ನೀರು ಲೇಪದ ಹಿಂದೆ ಇಳಿದು, ಒಳ್ಳೆಯ ಕೆಲಸಕ್ಕೂ ಕೆಟ್ಟ ಹೆಸರು.

24 ಗಂಟೆ ಸಾಲದು. ಸ್ಲ್ಯಾಬ್ ನೀರು ಹೀರಿ ಕೆಳಗೆ ತೋರಿಸಲು ಹೊತ್ತು ಬೇಕು. 48 ಗಂಟೆಯಾದರೂ ಇರಲಿ, 72 ಆದರೆ ನೆಮ್ಮದಿ. ಕೆಳಗೆ ಫ್ಯಾನ್ ಬಾಕ್ಸ್, ಲೈಟ್ ಪಾಯಿಂಟ್, ಬೀಮಿನ ಅಂಚು ನೋಡುತ್ತಿರಿ, ತೇವ ಕಂಡರೆ ಆ ಸರ್ಕ್ಯೂಟ್ ಆಫ್ ಮಾಡಿ. ಕಲೆಯ ನೇರ ಮೇಲೇ ತೂತು ಇರಬೇಕೆಂದಿಲ್ಲ. ನೀರು ಸ್ಲ್ಯಾಬ್‌ನೊಳಗಿನ ವೈರಿಂಗ್ ಕೊಳವೆ ಹಿಡಿದು ಮಾರುದೂರ ಹರಿದು ಇಳಿಯುತ್ತದೆ. ಅಕಾಲ ಮಳೆಯ ಮೋಡ ಕಂಡರೆ ಪ್ಲಗ್ ತೆಗೆಯಲು ಒಬ್ಬರು ಮನೆಯಲ್ಲೇ ಇರಲಿ.

ಪ್ರಶ್ನೆ: ಚಿತ್ರದುರ್ಗದ ನಮ್ಮ ಹಳೇ ಮನೆಗೆ ಕಲ್ಲುಚಪ್ಪಡಿ ಮಾಳಿಗೆ. ಅದಕ್ಕೂ ಹೀಗೇ ನೀರು ನಿಲ್ಲಿಸಬಹುದೇ?

ಉತ್ತರ: ಬೇಡವೇ ಬೇಡ. ಚಪ್ಪಡಿಯ ಒಳಬಿರುಕು ಕಣ್ಣಿಗೆ ಬೀಳುವುದಿಲ್ಲ, ಸಂದಿನ ಗಾರೆಯೂ ಸಡಿಲಿರುತ್ತದೆ. ಪೈಪ್ ಹಿಡಿದು ಇಳಿಜಾರಿನ ತಗ್ಗು ಕಡೆಯಿಂದ ಶುರು ಮಾಡಿ, ಒಂದೊಂದು ಸಂದಿಗೂ 10–15 ನಿಮಿಷ ನೀರು ಬಿಡುತ್ತಾ ಮೇಲಕ್ಕೆ ಹೋಗಿ. ಒಳಗೊಬ್ಬರು ಟಾರ್ಚ್ ಹಿಡಿದು ನಿಂತಿರಲಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಸಂದಿಗಳ ಮೇಲೂ ಹರಿದು, ಯಾವುದು ಸೋರುತ್ತಿದೆ ಎಂಬುದೇ ತಿಳಿಯದು.