ಆನೆಗೆ ಮಂತ್ರಿಯ ಮುಖ

ಪ್ರಶ್ನೆ: ತೋಟದ ಹಳೇ ಬಂಗಲೆಯಲ್ಲಿ ಒಂದು ಇಂಗ್ಲಿಷ್ ವ್ಯಂಗ್ಯಚಿತ್ರ ಸಿಕ್ಕಿದೆ. ಪೇಟ ತೊಟ್ಟ ದಢೂತಿ ಸವಾರ, ಮನುಷ್ಯಮುಖದ ಆನೆ, ಮುಂದೊಬ್ಬ ತುತ್ತೂರಿಯವ. ಏನಿದು? ಅಸಲಿಯೇ?
– ಓದುಗರು, ಮೂಡಿಗೆರೆ

ಉತ್ತರ: ನೀವು ಹೇಳಿದ್ದು ಇಂಗ್ಲೆಂಡಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಸೇಯರ್ಸ್ 1783ರ ಡಿಸೆಂಬರಿನಲ್ಲಿ ಹೊರತಂದ ಚಿತ್ರಕ್ಕೆ ಹೊಂದುತ್ತದೆ. ಸವಾರ ಬ್ರಿಟನ್ನಿನ ರಾಜಕಾರಣಿ ಚಾರ್ಲ್ಸ್ ಫಾಕ್ಸ್, ಆನೆಯ ಮುಖ ಹಿಂದೆ ಪ್ರಧಾನಿಯಾಗಿದ್ದ ಲಾರ್ಡ್ ನಾರ್ತ್‌ನದು, ತುತ್ತೂರಿಯವ ಫಾಕ್ಸ್‌ನ ಜೊತೆಗಾರ ಸಂಸದ ಎಡ್ಮಂಡ್ ಬರ್ಕ್. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಉದ್ದಕ್ಕೂ ನಾರ್ತ್‌ನನ್ನು ಬೈದ ಫಾಕ್ಸ್ ಅದೇ ವರ್ಷ ಅವನ ಜೊತೆಗೇ ಸರ್ಕಾರ ಮಾಡಿದ; ಈಸ್ಟ್ ಇಂಡಿಯಾ ಕಂಪನಿಗೆ ಲಗಾಮು ಹಾಕುವ ಮಸೂದೆಯನ್ನೂ ತಂದ; ಪೇಟ, ಆನೆ ಬಂದದ್ದು ಅದಕ್ಕೇ. ಹೊಸ ದೋಸ್ತಿಯನ್ನೇ ಸವಾರಿಯ ಪ್ರಾಣಿ ಮಾಡಿದ್ದು ಕುಚೋದ್ಯದ ತುತ್ತತುದಿ!

ಅಸಲಿಯೇ ಎಂದು ನೋಡಲು ಚೌಕಟ್ಟು ಬಿಚ್ಚಿ, ಹತ್ತು ಪಟ್ಟಿನ ಭೂತಗನ್ನಡಿ ಹಿಡಿಯಿರಿ. ಚುಕ್ಕೆಗಳ ಜಾಲ ಕಂಡರೆ ಇತ್ತೀಚಿನ ಮುದ್ರಣ, ಮುಗಿಯಿತು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀಚಿ, ಆಮ್ಲದಲ್ಲಿ ಕೊರೆಸಿ ಒತ್ತಿದ್ದಾದರೆ ಗೆರೆಯ ಶಾಯಿ ತುಸು ಉಬ್ಬಿರುತ್ತದೆ, ಸುತ್ತ ತಗಡಿನ ಅಂಚಿನ ಅಚ್ಚು ಇರುತ್ತದೆ. ಅಂಚು ಕತ್ತರಿಸಿದ್ದರೆ ಈ ಗುರುತು ಹೋಗಿರಬಹುದು; ಅಷ್ಟಕ್ಕೇ ನಕಲಿ ಎನ್ನಬೇಡಿ. ಹಳೇ ತಗಡಿನಿಂದಲೇ ಆಮೇಲೆ ಒತ್ತಿದ ಪ್ರತಿಗಳೂ ಉಂಟು, ಹಾಗಾಗಿ ಕಾಗದವನ್ನೂ ಬೆಳಕಿಗೆ ಹಿಡಿದು ನೀರಚ್ಚು (ಕಾಗದ ಮಾಡುವಾಗಲೇ ಅದರೊಳಗೆ ಮೂಡಿಸಿದ, ಅದರ ಕಾಲ ತಿಳಿಯಲು ನೆರವಾಗುವ ಗುರುತು) ಹುಡುಕಿ.

ಮಲೆನಾಡಿನ ತೇವಕ್ಕೆ ಕಂದು ಚುಕ್ಕೆ ಸಹಜ. ಒದ್ದೆ ಬಟ್ಟೆಯಿಂದ ಒರೆಸಬೇಡಿ: ಕೈಯಲ್ಲಿ ಹಚ್ಚಿದ ಜಲವರ್ಣ ಹರಡುತ್ತದೆ. ಸೆಲ್ಲೋಟೇಪಂತೂ ಬೇಡವೇ ಬೇಡ, ಅಂಟು ಕಾಗದಕ್ಕಿಳಿದು ಹಳದಿಗಟ್ಟುತ್ತದೆ.