ಮಾನವ ಹಕ್ಕುಗಳ ಪಾಠ ಬರೀ ಬಾಯಿಪಾಠ ಆಗದಂತೆ ಕಲಿಸುವುದು ಹೇಗೆ?

ನ್ಯಾಯ, ಹಕ್ಕು, ಪ್ರಜಾಪ್ರಭುತ್ವ ಅಂದರೆ ಮಕ್ಕಳು ವ್ಯಾಖ್ಯೆ ಒಪ್ಪಿಸುತ್ತಾರೆ, ಅಂಕವೂ ಬರುತ್ತದೆ, ಆದರೆ ಒಂದೂ ಒಳಗಿಳಿದಂತೆ ಕಾಣುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ಹೊಸದಾಗಿ ಕೆಲಸಕ್ಕೆ ಸೇರಿದವರು ಅಂತಲೂ ಬರೆದಿದ್ದೀರಿ. ಹದಿನೇಳು ವರ್ಷ ಸಮಾಜ ವಿಜ್ಞಾನ ಕಲಿಸಿದ ಮೇಲೆ ನನಗೆ ಅನಿಸಿದ್ದು ಇಷ್ಟು: ನಾವು ಪುಸ್ತಕ ತೆರೆಯುವ ಮೊದಲೇ ಮಕ್ಕಳು ನ್ಯಾಯದ ಪಾಠ ಕಲಿತಿರುತ್ತಾರೆ, ನಾವು ಶಿಕ್ಷೆ ಕೊಡುವ ರೀತಿ ನೋಡಿ.

ಒಂದು ದಿನ ಎಂಟನೇ ತರಗತಿಗೆ ಹೋದರೆ ಗೋಡೆಯ ಭೂಪಟ ಅರ್ಧಕ್ಕೆ ಹರಿದಿತ್ತು. ಯಾರು ಅಂದೆ. ಯಾರೂ ಬಾಯಿ ಬಿಡಲಿಲ್ಲ. ಪೀರಿಯಡ್ ಮುಗಿಯುವವರೆಗೂ ಎಲ್ಲರನ್ನೂ ನಿಲ್ಲಿಸಿದೆ. ನನ್ನ ಗ್ರಹಚಾರಕ್ಕೆ ಮರುದಿನದ ಪಾಠ, 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ. ಅದರ 11ನೇ ವಿಧಿ ವಿವರಿಸುತ್ತಿದ್ದೆ: ತಪ್ಪು ಸಾಬೀತಾಗುವ ತನಕ ಆರೋಪಿ ನಿರಪರಾಧಿ. ಹಿಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು. 'ಮಿಸ್, ನಿನ್ನೆ ನಾನು ಕ್ಲಾಸಿಗೆ ಬಂದದ್ದೇ ನಿಮ್ಮ ಹಿಂದೆ. ನಾನ್ಯಾಕೆ ನಿಂತೆ?'

ಗದರಿಸಿ ಕೂರಿಸಬಹುದಿತ್ತು, ಮಾತು ನಾಲಿಗೆ ತುದಿಗೂ ಬಂದಿತ್ತು. ಹೇಗೋ ತಡೆದುಕೊಂಡು ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದೆ: ಸಾಕ್ಷಿ ಏನಿತ್ತು? ನಿಮ್ಮ ಮಾತು ಕೇಳಿದೆನಾ? ಶಿಕ್ಷೆ ತಪ್ಪಿನ ಅಳತೆಗಿತ್ತಾ? ಮೂರರಲ್ಲೂ ನಾನು ಸೋತೆ. ಒಬ್ಬ ಹುಡುಗ ಮಾತ್ರ 'ಪಾಪ, ಮಿಸ್ಸಿಗೆ ಬೇರೆ ದಾರಿ ಏನಿತ್ತು?' ಅಂತ ನನ್ನ ಪರ ವಕಾಲತ್ತು ಮಾಡಿದ. ಆ ಬೇರೆ ದಾರಿ ಯಾವುದು ಅಂತ ಹುಡುಕುವುದರಲ್ಲೇ ಪೀರಿಯಡ್ ಕಳೆಯಿತು. (ಭೂಪಟ ಹರಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆ ವಕೀಲನ ಮೇಲೇ ನನಗೆ ಗುಮಾನಿ, ಆದರೆ ಸಾಕ್ಷಿ ಇಲ್ಲವಲ್ಲ.)

ಹಾಗೆ ಮಾಡಿದರೆ ಮೇಷ್ಟರ ಮರ್ಯಾದೆ ಉಳಿಯುತ್ತದಾ ಅನ್ನಬೇಡಿ. ಪೋಲೆಂಡಿನ ವೈದ್ಯ ಯಾನುಶ್ ಕೊರ್ಚಾಕ್ 1912ರಿಂದ ವಾರ್ಸಾದಲ್ಲಿ ನಡೆಸುತ್ತಿದ್ದ ಅನಾಥಾಲಯದಲ್ಲಿ ಮಕ್ಕಳದೇ ನ್ಯಾಯಾಲಯವಿತ್ತು, ತೀರ್ಪು ಕೊಡುತ್ತಿದ್ದವರೂ ಮಕ್ಕಳೇ. ದೊಡ್ಡವರ ಮೇಲೂ ದೂರು ಕೊಡಬಹುದಿತ್ತು. ಕೊರ್ಚಾಕ್ ಸ್ವತಃ ಅದರ ಮುಂದೆ ನಿಂತಿದ್ದರು. ಆ ನ್ಯಾಯಾಲಯದ ಕಲಮುಗಳಲ್ಲಿ ಬಹುಪಾಲು ಕ್ಷಮಿಸುವಂಥವೇ. ಇದನ್ನು ಹೇಳಿದಾಗ ನನ್ನ ಮಕ್ಕಳಿಗೆ ಸ್ವಲ್ಪ ನಿರಾಸೆಯೇ ಆಯಿತು.

ಮತದಾನದ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ತರಗತಿಯಲ್ಲಿ ಚುನಾವಣೆ ನಡೆಸಿ ಪ್ರಜಾಪ್ರಭುತ್ವ ಕಲಿಸಿದೆ ಅಂದುಕೊಳ್ಳುವ ತಪ್ಪನ್ನು ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಒಂದು ಸಲ ಕಸ ಗುಡಿಸುವ ಸರದಿಯನ್ನು ನೀವೇ ತೀರ್ಮಾನಿಸಿ ಅಂದೆ. ಕೈ ಎತ್ತಿಸಿ ಲೆಕ್ಕ ಹಾಕಿ, ಮೂರೇ ಮಕ್ಕಳು ವರ್ಷವಿಡೀ ಗುಡಿಸಬೇಕು ಅಂತ ನಿರ್ಧರಿಸಿದರು, ಮೂರೂ ಜನ ಯಾರೊಂದಿಗೂ ಅಷ್ಟಾಗಿ ಬೆರೆಯದವರು. 'ಬಹುಮತ ಬಂದಿದೆ ಮಿಸ್' ಅಂತ ಬೀಗಿದರು ಬೇರೆ. ಆಗ ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಮುಂದಿಟ್ಟ ಉಪಾಯ ನೆನಪಾಯಿತು: ನಿಯಮ ಮಾಡುವಾಗ ತಾನು ಯಾವ ಜಾಗದಲ್ಲಿರುತ್ತೇನೆ ಅನ್ನುವುದು ಗೊತ್ತಿರಬಾರದು. ಎಲ್ಲರ ಹೆಸರನ್ನೂ ಚೀಟಿ ಬರೆದು ಡಬ್ಬಿಗೆ ಹಾಕಿ, 'ಮೂರು ಚೀಟಿ ಎತ್ತುತ್ತೇನೆ, ವರ್ಷವಿಡೀ ಅವರೇ. ಈಗ ಹೇಳಿ, ನಿಯಮ ಇದೇ ಇರಲಾ?' ಅಂದೆ. ಡಬ್ಬಿ ಅಲ್ಲಾಡಿಸುವಷ್ಟರಲ್ಲಿ ವಾರಕ್ಕೊಬ್ಬರ ಸರದಿ ಬಂತು. ಒಬ್ಬಳು ಮಾತ್ರ 'ನನ್ನ ಹೆಸರು ಬಂದರೆ ಬರಲಿ' ಅಂತ ಪಟ್ಟು ಹಿಡಿದಳು. ಅವಳನ್ನು ಒಪ್ಪಿಸಲು ನನ್ನಿಂದಾಗಲಿಲ್ಲ.

ಚರ್ಚೆ ಇಡುವಾಗ ನನ್ನ ಅಭಿಪ್ರಾಯ ಹೇಳಬೇಕಾ ಅನ್ನುವ ಅಳುಕು ನಿಮಗೂ ಬರುತ್ತದೆ. ಜರ್ಮನಿಯಲ್ಲಿ 1976ರ ಬಾಯ್ಟೆಲ್ಸ್‌ಬಾಖ್ ಒಮ್ಮತ ಅಂತ ಒಂದಿದೆ: ಶಿಕ್ಷಕರು ತಮ್ಮ ನಿಲುವನ್ನು ಮಕ್ಕಳ ಮೇಲೆ ಹೇರಬಾರದು, ಸಮಾಜದಲ್ಲಿ ವಿವಾದವಿರುವುದು ತರಗತಿಯಲ್ಲೂ ವಿವಾದವಾಗಿಯೇ ಬರಬೇಕು. ಅದನ್ನೇ ನಾನೂ ಪಾಲಿಸುತ್ತೇನೆ. ಆದರೆ ಮನುಷ್ಯರೆಲ್ಲ ಸಮಾನರೋ ಅಲ್ಲವೋ ಅನ್ನುವುದನ್ನು ಪರ-ವಿರೋಧ ಚರ್ಚೆಗೆ ಇಡುವುದಿಲ್ಲ. ಆ ವಿಷಯಕ್ಕೆ 'ವಿರೋಧ' ಮಾತಾಡುವವನ ಎದುರು ಕೂತಿರುವ ಮಗುವಿನ ಮುಖ ನೆನೆಸಿಕೊಳ್ಳಿ. ಅನ್ಯಾಯವನ್ನು 'ಅನುಭವಿಸಿ' ಕಲಿಯಲಿ ಅಂತ ಅರ್ಧ ಜನರನ್ನು ಕೀಳಾಗಿ ಕಾಣುವ ಆಟ ಆಡಿಸುವುದೂ ನನಗೆ ಹಿಡಿಸುವುದಿಲ್ಲ. ಅದು ಮೊದಲೇ ನೊಂದವರಿಗೇ ಮತ್ತೆ ಚುಚ್ಚುತ್ತದೆ.

ಪರೀಕ್ಷೆ ಇದ್ದೇ ಇದೆ, ವ್ಯಾಖ್ಯೆ ಬರೆಯಲಿ ಬಿಡಿ. ಅದಕ್ಕೆ ಕೊನೆಯ ಎರಡು ವಾರ ಸಾಕು.

ನಾಳೆಯೇ ಮಾಡಬಹುದಾದದ್ದು ಬೇಕಿದ್ದರೆ ಇದು: ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿದ್ದ 'ಆಲ್ ಮೆನ್', ಕೊನೆಗೆ ಬಂದ 'ಆಲ್ ಹ್ಯೂಮನ್ ಬೀಯಿಂಗ್ಸ್', ಎರಡನ್ನೂ ಇಂಗ್ಲಿಷಿನಲ್ಲೇ ಬೋರ್ಡಿನ ಮೇಲೆ ಬರೆಯಿರಿ. ಕನ್ನಡದಲ್ಲಿ 'ಎಲ್ಲ ಮಾನವರೂ' ಅಂದುಬಿಟ್ಟರೆ ವ್ಯತ್ಯಾಸ ಮುಚ್ಚಿಹೋಗುತ್ತದೆ. ಮೊದಲನೆಯದರಲ್ಲಿ ಯಾರು ಹೊರಗುಳಿದರು ಅಂತ ಕೇಳಿ. ಈ ಬದಲಾವಣೆಗೆ ಹಟ ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಅನ್ನುವುದನ್ನು ಮಾತ್ರ, ಮಕ್ಕಳು ಉತ್ತರ ಕಂಡುಕೊಂಡ ಮೇಲೆಯೇ ಹೇಳಿ.