ಜರ್ಮನ್ನರ ‘ಗಿಫ್ಟ್’ ವಿಷವಾದದ್ದು ಹೇಗೆ?

ಪ್ರಶ್ನೆ: ಜರ್ಮನಿಯಲ್ಲಿ ಓದುತ್ತಿರುವ ಮಗಳು ತಾನಿರುವ ಕಟ್ಟಡದ ನೆಲಮಾಳಿಗೆಯಲ್ಲಿ ಕಂಡ ಪೊಟ್ಟಣವೊಂದರ ಚಿತ್ರ ಕಳುಹಿಸಿದ್ದಾಳೆ. ಮೇಲೆ ‘ರಾಟೆನ್‌ಗಿಫ್ಟ್’ ಎಂದಿದೆ, ಇಲಿ ಪಾಷಾಣವಂತೆ. ನಾವು ಉಡುಗೊರೆಗೆ ಹೇಳುವ ಗಿಫ್ಟ್‌ಗೂ ಇದಕ್ಕೂ ಸಂಬಂಧವಿದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇದೆ, ಅದೂ ಹತ್ತಿರದ ಸಂಬಂಧ. ಎರಡೂ ‘ಕೊಡು’ ಎಂಬ ಅರ್ಥದ ಒಂದೇ ಧಾತುವಿನಿಂದ ಹುಟ್ಟಿದವು. ಇಂದಿನ ಜರ್ಮನ್‌ನ ‘ಗೇಬೆನ್’, ಇಂಗ್ಲಿಷಿನ ‘ಗಿವ್’ ಕೂಡ ಅಲ್ಲಿಂದಲೇ ಬಂದಿವೆ. ಹಳೆಯ ಜರ್ಮನ್‌ನಲ್ಲಿ ಗಿಫ್ಟ್ ಎಂದರೆ ಕೊಡುಗೆಯೇ ಆಗಿತ್ತು.

ಅದನ್ನು ವಿಷದ ಕಡೆಗೆ ತಿರುಗಿಸಿದ್ದು ವೈದ್ಯಕೀಯ. ಗ್ರೀಕ್‌ನ ‘ದೋಸಿಸ್’ ಪದಕ್ಕೂ ಕೊಡುವುದು ಎಂದೇ ಅರ್ಥ. ವೈದ್ಯರ ಬಳಕೆಯಲ್ಲಿ ಅದು ಒಮ್ಮೆಗೆ ಕೊಡುವ ಔಷಧದ ಪ್ರಮಾಣವಾಯಿತು. ನಮ್ಮ ಆಸ್ಪತ್ರೆಗಳ ‘ಡೋಸ್’ ಇದೇ. ಲ್ಯಾಟಿನ್ ಮೂಲಕ ಬಂದ ಈ ಪದದ ಪಡಿಯಚ್ಚಿನಲ್ಲಿ ಜರ್ಮನ್ನರು ತಮ್ಮ ಗಿಫ್ಟ್ ಬಳಸಿದರು ಎಂಬುದು ಭಾಷಾಶಾಸ್ತ್ರಜ್ಞರ ವಿವರಣೆ. ಕೊಲ್ಲುವ ವಸ್ತುವನ್ನು ನೇರವಾಗಿ ಹೆಸರಿಸದೆ ‘ಕೊಟ್ಟದ್ದು’ ಎಂದು ಮರೆಮಾಚುವ ಅನುಕೂಲವೂ ಅದರಲ್ಲಿತ್ತು. ನಮ್ಮ ಹಳ್ಳಿಗಳಲ್ಲಿ ‘ಮದ್ದು ಹಾಕಿದ್ದಾರೆ’ ಎಂದಾಗ ಯಾರೂ ಅದನ್ನು ಔಷಧವೆಂದು ತಿಳಿಯುವುದಿಲ್ಲವಲ್ಲ!

1538ರಲ್ಲಿ ವೈದ್ಯ ಪ್ಯಾರಾಸೆಲ್ಸಸ್ ಜರ್ಮನ್‌ನಲ್ಲಿ ಬರೆದ ಪ್ರಸಿದ್ಧ ಮಾತಿನಲ್ಲಿ ಈ ಎರಡು ಪದಗಳೂ ಜೊತೆಯಾಗಿ ಬರುತ್ತವೆ: ಎಲ್ಲವೂ ‘ಗಿಫ್ಟ್’, ವಿಷವಿಲ್ಲದ್ದು ಯಾವುದೂ ಇಲ್ಲ, ವಸ್ತುವೊಂದು ವಿಷವಾಗದಂತೆ ನೋಡಿಕೊಳ್ಳುವುದು ‘ದೋಸಿಸ್’ ಮಾತ್ರ. ವಿಷವಿಜ್ಞಾನಕ್ಕೆ ಇಂದಿಗೂ ಇದೇ ತಳಹದಿ. ಒಂದು ಪದದ ಇತಿಹಾಸವನ್ನು ಇಷ್ಟು ಅಡಕವಾಗಿ ಹಿಡಿದಿಟ್ಟ ವಾಕ್ಯ ನನಗೆ ಬೇರೆ ಗೊತ್ತಿಲ್ಲ.

ಹಳೆಯ ಅರ್ಥ ಪೂರ್ತಿ ಅಳಿದಿಲ್ಲ. ಮದುವೆಯಲ್ಲಿ ತವರಿನವರು ಮಗಳ ಜೊತೆ ಕೊಟ್ಟು ಕಳುಹಿಸುವ ಹಣ, ಒಡವೆ, ವಸ್ತುಗಳಿಗೆ ಜರ್ಮನ್‌ನಲ್ಲಿ ‘ಮಿಟ್‌ಗಿಫ್ಟ್’ ಎನ್ನುತ್ತಾರೆ. ಇದು ಸ್ತ್ರೀಲಿಂಗ, ವಿಷದ ಗಿಫ್ಟ್ ನಪುಂಸಕಲಿಂಗ. ಸ್ವೀಡಿಷ್ ಭಾಷೆಯಲ್ಲಂತೂ ‘ಮದುವೆಯಾದವರು’ ಎನ್ನುವುದಕ್ಕೂ ವಿಷಕ್ಕೂ ಇದೇ ಪದ. ಸಿಟ್ಟಿನಿಂದ ಹರಿಹಾಯುವವರನ್ನು ಜರ್ಮನ್ನರು ‘ಗಿಫ್ಟ್ ಮತ್ತು ಪಿತ್ತ ಉಗುಳುತ್ತಾರೆ’ ಎನ್ನುತ್ತಾರೆ. ‘ಈ ಮಾತಿನ ಮೇಲೆ ಗಿಫ್ಟ್ ಸೇವಿಸಬಹುದು’ ಎಂದರೆ ಅದು ಖಂಡಿತ ನಿಜ ಎಂದರ್ಥ.

ಉಡುಗೊರೆಗೆ ಅಲ್ಲಿ ‘ಗೆಶೆಂಕ್’ ಎನ್ನಬೇಕು. ನಿಮ್ಮ ಮಗಳಿಗೆ ಇನ್ನೊಂದು ಪದವನ್ನೂ ತಿಳಿಸಿ: ‘ಗಿಫ್ಟ್‌ನೋಟ್‌ರೂಫ್’. ಯಾರಾದರೂ ವಿಷ ಸೇವಿಸಿದಾಗ ಸಲಹೆ ಪಡೆಯುವ ತುರ್ತು ದೂರವಾಣಿ ಅದು. ತಾನಿರುವ ಪ್ರಾಂತ್ಯದ ಆ ಸಂಖ್ಯೆಯನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಲಿ.